ಫೋಟೊ ಟಿವಿಯಲ್ಲಿ ನೆಟ್ಟಗೆ ನಿಲ್ಲಬೇಕಾದರೆ

ಮಂಡ್ಯದಲ್ಲಿ ನಮ್ಮ ಭಾವನವರ ಅರವತ್ತರ ಶಾಂತಿ. ಊಟ ಆಯಿತು, ಎಲೆ ಅಡಿಕೆಯೂ ಆಯಿತು. ಹಳೆ ಫೋಟೊ ತೋರಿಸುತ್ತೇನೆ ಅಂತ ಅಕ್ಕನ ಮಗ ಟಿವಿಗೆ ಪೆನ್‌ಡ್ರೈವ್ ಚುಚ್ಚಿದ. ಮೊದಲು ಬಂದದ್ದು ಸ್ಕೂಟರಿನ ಇನ್ಶೂರೆನ್ಸ್ ಕಾಗದ. ಆಮೇಲೆ ಒಂದು ಗುಡ್ ಮಾರ್ನಿಂಗ್ ಗುಲಾಬಿ. ಅದಾದ ಮೇಲೆ ಬಂದವರೆಲ್ಲ ಅಡ್ಡಡ್ಡ ಮಲಗಿದ್ದರು. ಕತ್ತು ಓರೆ ಮಾಡಿ ಮಾಡಿ ಸಾಕಾದ ನಮ್ಮ ದೊಡ್ಡಮ್ಮ, "ಲೋ ಮಗಾ, ಆ ಟಿವೀನೇ ಎತ್ತಿ ನಿಲ್ಸೋಕಾಗಲ್ವೇನೋ" ಅಂದರು. ಹತ್ತು ನಿಮಿಷದಲ್ಲಿ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಇಂಥದ್ದನ್ನು ಮೈಸೂರಿನ ಮನೆಗಳಲ್ಲೂ ಬೇಕಾದಷ್ಟು ನೋಡಿದ್ದೇನೆ. ಟಿವಿ ಮುಂದಿನ ಕೆಲಸ ಎರಡು ನಿಮಿಷದ್ದು. ಕಂಪ್ಯೂಟರ್ ಮುಂದಿನದು ಎರಡು ಸಂಜೆಯದ್ದು. ಎಲ್ಲರೂ ಆ ಎರಡು ಸಂಜೆ ಉಳಿಸಲು ಹೋಗಿಯೇ ಕೆಡುತ್ತಾರೆ.

ಏನನ್ನು ಚುಚ್ಚುವುದು?

ಮನೆಯ ಫೋಟೊ ಟಿವಿಯಲ್ಲಿ ನೋಡುವ ಆಸೆ ಹಳೆಯದು. ಕೊಡಾಕ್ ಕಂಪನಿ 1992ರಲ್ಲೇ ಫಿಲ್ಮಿನ ಫೋಟೊಗಳನ್ನು ಸಿಡಿಗೆ ಹಾಕಿ, ಟಿವಿಗೆ ಜೋಡಿಸುವ ಪ್ಲೇಯರ್ ಕೂಡ ಮಾರಾಟಕ್ಕೆ ತಂದಿತ್ತು. ಈಗ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಆಂಡ್ರಾಯ್ಡ್ ಬಾಕ್ಸ್, ಫೋನಿನಿಂದ ಕಾಸ್ಟ್ ಮಾಡುವುದು (ವೈಫೈ ಮೂಲಕ ಟಿವಿಗೆ ಕಳಿಸುವುದು) ಅಂತ ದಾರಿ ಜಾಸ್ತಿ. ನನ್ನ ಮಾತು ಕೇಳುವುದಾದರೆ, 32 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಫೋಟೊ ಒಂದಕ್ಕೆ 4 ಎಂಬಿ ಅಂದುಕೊಂಡರೂ ಏಳು ಸಾವಿರ ಹಿಡಿಯುತ್ತದೆ. ಅಷ್ಟನ್ನು ಕೂತು ನೋಡುವ ನೆಂಟರು ಯಾರಿಗಿದ್ದಾರೆ?

ಫೋನಿನ ಪರದೆಯನ್ನೇ ಟಿವಿಗೆ ಹಾಕುವವರಿದ್ದಾರೆ. ಹಾಕಿ, ನಿಮ್ಮಿಷ್ಟ. ಬ್ಯಾಂಕಿನವರು ಕಳಿಸುವ ಬ್ಯಾಲೆನ್ಸ್ ಮೆಸೇಜನ್ನೂ ಬೀಗರು 43 ಇಂಚಿನಲ್ಲಿ ಓದಿಕೊಳ್ಳುತ್ತಾರೆ. ಗೂಗಲ್ ಫೋಟೋಸ್‌ನಿಂದ ಕಾಸ್ಟ್ ಮಾಡಿದರೆ ಫೋಟೊ ಮಾತ್ರ ಹೋಗುತ್ತದೆ, ನಿಜ. ಆದರೆ ಅದಕ್ಕೆ ವೈಫೈ ನೆಟ್ಟಗಿರಬೇಕು. ಅಲ್ಲದೆ 2021ರ ಜೂನ್‌ನಿಂದ ಅಲ್ಲಿ ಪುಕ್ಕಟೆ ಜಾಗ 15 ಜಿಬಿ ಅಷ್ಟೇ, ಅದರಲ್ಲೇ ಜಿಮೇಲೂ ಸೇರಿಕೊಂಡಿರುತ್ತದೆ.

ಹಾರ್ಡ್ ಡಿಸ್ಕನ್ನು ಟಿವಿಗೆ ಹಾಕುವುದು ನನಗೆ ಇಷ್ಟವಿಲ್ಲ. ಯುಎಸ್‌ಬಿ 2.0 ಕಿಂಡಿಯಿಂದ ಬರಬೇಕಾದ ಕರೆಂಟು ಅರ್ಧ ಆಂಪಿಯರ್. ಕೆಲವು ಡಿಸ್ಕುಗಳು ಅಷ್ಟರಲ್ಲಿ ತಿರುಗುವುದಿಲ್ಲ. ಟಿಕ್ ಟಿಕ್ ಅಂತ ಸದ್ದು ಬಂದರೆ ತಕ್ಷಣ ತೆಗೆದುಬಿಡಿ. ಅದು ಮೂಲ ಫೋಟೊಗಳ ಪೆಟ್ಟಿಗೆ, ಬೀರುವಿನಲ್ಲೇ ಇರಲಿ.

ಪೆನ್‌ಡ್ರೈವ್ ಕೊಳ್ಳುವಾಗ ಒಂದು ಮಾತು. ಐನೂರು ರೂಪಾಯಿಗೆ 2 ಟಿಬಿ ಅಂತ ಮಾರುತ್ತಾರಲ್ಲ, ಅದು ಮೋಸ. ಒಳಗೆ ಇರುವ ಚಿಪ್ ಸಣ್ಣದು. 2 ಟಿಬಿ ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಜಾಗ ತುಂಬಿದ ಮೇಲೂ ಫೋಟೊಗಳ ಹೆಸರು ಕಾಣುತ್ತಿರುತ್ತದೆ, ತೆರೆದರೆ ಅರ್ಧ ಬೂದಿ ಬಣ್ಣ. ನಾನೂ ಒಂದು ಕೊಂಡು ಪಾಠ ಕಲಿತವನೇ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ತಂತ್ರಾಂಶ ಇದೆ. ಪೆನ್‌ಡ್ರೈವನ್ನು ಕೊನೆಯವರೆಗೂ ತುಂಬಿಸಿ, ಮತ್ತೆ ಓದಿ, ನಿಜವಾಗಿ ಎಷ್ಟು ಜಾಗ ಇದೆ ಅಂತ ಹೇಳುತ್ತದೆ. ಹೊಸದು ತಂದ ದಿನವೇ ಓಡಿಸಿ ನೋಡಿ.

ಫೋಟೊ ಕೂಡಿಹಾಕುವುದು

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಟಿವಿಯಲ್ಲಿ ಮುಖ ಮುಖವೆಲ್ಲ ಕಲಸಿದ ಹಾಗೆ. ಕಳಿಸುವಾಗ ಅದು ಫೋಟೊವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕವನ್ನೂ ಕಿತ್ತುಹಾಕುತ್ತದೆ. ತಮ್ಮನಿಗೋ ನಾದಿನಿಗೋ ಫೋನ್ ಮಾಡಿ, "ಡಾಕ್ಯುಮೆಂಟ್ ಅಂತ ಹಾಕಿ ಕಳ್ಸು" ಅನ್ನಿ. ಆಗ ಇದ್ದದ್ದು ಇದ್ದ ಹಾಗೇ ಬರುತ್ತದೆ. ಎಚ್‌ಡಿ ಅನ್ನುವ ಗುಂಡಿ ಬಂದಿದೆಯಲ್ಲ ಅಂತೀರಾ? ಅದೂ ಸ್ವಲ್ಪ ಕುಗ್ಗಿಸುತ್ತದೆ.

ಐಫೋನ್ ಇರುವವರದ್ದು ಬೇರೆ ಗೋಳು. 2017ರಿಂದ ಐಫೋನುಗಳು ಫೋಟೊವನ್ನು ಎಚ್‌ಇಐಸಿ ಅನ್ನುವ ರೂಪದಲ್ಲಿ ಇಡುತ್ತವೆ. ಬಹಳಷ್ಟು ಟಿವಿಗಳಿಗೆ ಅದು ಅರ್ಥವಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿದರೆ ಇನ್ನು ಮುಂದಿನವು ಟಿವಿಗೆ ಅರ್ಥವಾಗುವ ಜೆಪೆಗ್ ರೂಪದಲ್ಲಿ ಬರುತ್ತವೆ. ಆಗಲೇ ತೆಗೆದಿರುವವಕ್ಕೆ, ಫೋಟೋಸ್ ಸೆಟ್ಟಿಂಗ್‌ನ ಕೆಳಗಡೆ ಕಂಪ್ಯೂಟರಿಗೆ ವರ್ಗಾಯಿಸುವ ಜಾಗದಲ್ಲಿ ಆಟೊಮ್ಯಾಟಿಕ್ ಇಟ್ಟು, ಕೇಬಲ್ಲಿನಿಂದ ಇಳಿಸಿ.

ಹಳೆ ಆಲ್ಬಮ್ಮಿನವು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಆಗಲಿ. ಅಂಟು ಹಾಳೆಯ ಆಲ್ಬಮ್ ಆದರೆ ಫೋಟೊ ಕೀಳಬೇಡಿ, ಹಾಳೆ ಸಮೇತ ಸ್ಕ್ಯಾನರ್ ಮೇಲೆ ಇಡಿ.

ಎಡವುವ ಜಾಗ ಇಲ್ಲಿದೆ

ಈಗ ನಿಧಾನವಾಗಿ ಓದಿ. ಕ್ಯಾಮೆರಾಗಳು ಫೋಟೊಗೆ ಹೆಸರಿಡುವುದು ನಂಬರಿನಿಂದ. 0001ರಿಂದ 9999ರವರೆಗೆ ಹೋಗಿ ಮತ್ತೆ 0001ಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾ ಆದರೂ ಹೆಸರು ಒಂದೇ ಇರಬಹುದು. ಐಫೋನಿನದ್ದೂ ಐಎಂಜಿ_0457, ಕ್ಯಾನನ್‌ನದ್ದೂ ಐಎಂಜಿ_0457. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಕಂಪ್ಯೂಟರ್ ಕೇಳುತ್ತದೆ: ಈ ಹೆಸರಿನದ್ದು ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಹಾಕಲೇ?

ನನ್ನ ತಂಗಿ ಮಗಳ ನಾಮಕರಣದ ಫೋಟೊ ಇಳಿಸುವಾಗ ನಾನು ಆ ಪ್ರಶ್ನೆಗೆ ಹೂಂ ಅಂದೆ. ಇನ್ನೊಂದು ಸಲ ಕೇಳಬೇಡ, ಎಲ್ಲಕ್ಕೂ ಹೂಂ ಅಂತಲೂ ಒತ್ತಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ತೊಟ್ಟಿಲ ಫೋಟೊಗಳ ಜಾಗದಲ್ಲಿ ಯಾವುದೋ ಮೃಗಾಲಯದ ಜಿರಾಫೆಗಳು ಕೂತಿದ್ದವು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಆಗಲೇ ಅಳಿಸಿ ವಾಪಸ್ ಕೊಟ್ಟಾಗಿತ್ತು. ತಂಗಿ ಇವತ್ತಿಗೂ, "ಅಣ್ಣಾ, ಆ ಜಿರಾಫೆಗೆ ಏನು ಹೆಸರಿಟ್ಟೆ?" ಅಂತ ಕೇಳುತ್ತಾಳೆ.

ಅದಕ್ಕೇ, ಒಬ್ಬರದ್ದು ಒಂದು ಫೋಲ್ಡರ್. ಭಾವನ ಫೋನು ಒಂದು, ಅಕ್ಕನ ಫೋನು ಒಂದು, ಸ್ಟುಡಿಯೋದವರದ್ದು ಒಂದು. ಎಲ್ಲ ಇಳಿದ ಮೇಲೆ ಕಾರ್ಡಿನಲ್ಲಿ ಎಷ್ಟಿತ್ತು, ಫೋಲ್ಡರಿನಲ್ಲಿ ಎಷ್ಟಿದೆ ಅಂತ ಎಣಿಕೆ ತಾಳೆ ನೋಡಿ. ಆಮೇಲೆ ಬೇಕಾದರೆ ಕಾರ್ಡ್ ಅಳಿಸಿ. ಆ ಪ್ರಶ್ನೆ ಏನಾದರೂ ಬಂದರೆ ಕೈ ಕಟ್ಟಿ ಕೂತು ಓದಿ, ಎರಡನ್ನೂ ಉಳಿಸು ಅನ್ನುವುದನ್ನೇ ಒತ್ತಿ.

ಆಮೇಲೆ ಹೆಸರು ಬದಲಿಸುವುದು. ವಿಂಡೋಸ್‌ನಲ್ಲಿ ಎಲ್ಲವನ್ನೂ ಆರಿಸಿ ಎಫ್2 ಒತ್ತಿ "ಮದುವೆ" ಅಂತ ಬರೆದರೆ ಮದುವೆ (1), ಮದುವೆ (2) ಅಂತ ತಾನೇ ನಂಬರ್ ಹಾಕಿಕೊಳ್ಳುತ್ತದೆ. ಎಷ್ಟು ಸುಲಭ ಅಲ್ವಾ? ಸುಲಭ, ಆದರೆ ಕೆಟ್ಟದ್ದು. ಕಂಪ್ಯೂಟರಿಗೆ 2 ಆದ ಮೇಲೆ 3 ಅಂತ ಗೊತ್ತು. ಹಲವು ಟಿವಿಗಳು ನಂಬರನ್ನು ಅಕ್ಷರದ ಹಾಗೆ ಓದುತ್ತವೆ: 1, 10, 100, 101, ಆಮೇಲೆ 2. ಕಾಶಿಯಾತ್ರೆಗೂ ಮುಂಚೆ ಹೆಣ್ಣೊಪ್ಪಿಸಿ ಮುಗಿದಿರುತ್ತದೆ. ನಂಬರಿನ ಮುಂದೆ ಸೊನ್ನೆ ಇರಲೇಬೇಕು: 001, 002, 003.

ಇದಕ್ಕೆ ನಾನು ಬಳಸುವುದು ಇರ್ಫಾನ್‌ವ್ಯೂ ಅನ್ನುವ ಫೋಟೊ ತಂತ್ರಾಂಶ. ಮನೆ ಬಳಕೆಗೆ ಪುಕ್ಕಟೆ, ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರ ಥಂಬ್‌ನೇಲ್ ಕಿಟಕಿಯಲ್ಲಿ ಫೋಲ್ಡರ್ ತೆರೆಯಿರಿ. ಫೋಟೊ ತೆಗೆದ ದಿನಾಂಕದ ಪ್ರಕಾರ ಜೋಡಿಸಿ. ಎಲ್ಲ ಆರಿಸಿ ಬಿ ಅಕ್ಷರ ಒತ್ತಿ. ಹೆಸರಿನ ಜಾಗದಲ್ಲಿ ಬೇಕಾದ ಹೆಸರು ಬರೆದು ಅದರ ಕೊನೆಗೆ ಮೂರು ಹ್ಯಾಶ್ ಗುರುತು (###) ಹಾಕಿದರೆ ಮೂರಂಕಿಯ ನಂಬರ್ ಬರುತ್ತದೆ. ಉಳಿಸುವ ಜಾಗ ಬೇರೆ ಫೋಲ್ಡರ್ ಆಗಿರಲಿ, ಮೂಲದ ಮೇಲೆ ಕೈ ಇಡಬೇಡಿ.

ಫೋಲ್ಡರಿಗೆ ವರ್ಷ ಮೊದಲು, ತಿಂಗಳು ಆಮೇಲೆ: 1987-02, 2003-11. ಹೀಗಿಟ್ಟರೆ ಟಿವಿ ತಾನಾಗಿಯೇ ಕಾಲದ ಪ್ರಕಾರ ಜೋಡಿಸುತ್ತದೆ. ಕನ್ನಡದಲ್ಲೇ ಹೆಸರಿಡಬೇಕು ಅಂತ ನನಗೂ ಆಸೆ. ಹಳೆ ಟಿವಿಗಳಲ್ಲಿ ಬರೀ ಚೌಕ ಚೌಕ ಕಾಣುತ್ತದೆ, ಆದ್ದರಿಂದ ಇಂಗ್ಲಿಷ್ ಅಕ್ಷರವೇ ಗತಿ.

ಮಲಗಿದವರನ್ನು ಎಬ್ಬಿಸುವುದು

ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೊವನ್ನು ಫೋನು ಎಷ್ಟೋ ಸಲ ಅಡ್ಡಲಾಗಿಯೇ ಉಳಿಸಿ, "ಇದನ್ನು ತಿರುಗಿಸಿ ತೋರಿಸು" ಅಂತ ಫೈಲಿನೊಳಗೆ ಒಂದು ಚೀಟಿ ಬರೆದಿಡುತ್ತದೆ. ಫೋನು, ಕಂಪ್ಯೂಟರ್ ಆ ಚೀಟಿ ಓದುತ್ತವೆ. ಓದದ ಟಿವಿಯಲ್ಲಿ ಜನ ಮಲಗುತ್ತಾರೆ. ಭಾವನ ಮನೆಯಲ್ಲಿ ಆದದ್ದು ಇದೇ. ಅಕ್ಕನ ಮಗ ಮುಂಚೆಯೇ ಫೋನಿನಲ್ಲಿ ನೋಡಿದ್ದನಂತೆ, ಎಲ್ಲ ನೆಟ್ಟಗಿತ್ತಂತೆ. ಇದ್ದೇ ಇರುತ್ತದೆ!

ಪರಿಹಾರ ಅಂದರೆ ಫೋಟೊವನ್ನು ನಿಜವಾಗಿ ತಿರುಗಿಸಿ ಉಳಿಸುವುದು. ಇರ್ಫಾನ್‌ವ್ಯೂನಲ್ಲಿ ಹೆಸರು ಬದಲಿಸುವಾಗಲೇ ಗಾತ್ರವನ್ನೂ ಬದಲಿಸಿ. ಫೋಟೊ ತೆರೆಯುವಾಗ ಅದು ಚೀಟಿ ಓದಿ ನೆಟ್ಟಗೆ ಮಾಡಿಕೊಳ್ಳುತ್ತದೆ, ಉಳಿಸುವಾಗ ಹಾಗೇ ಉಳಿಸುತ್ತದೆ. ಉದ್ದದ ಬದಿ 3840 ಪಿಕ್ಸೆಲ್ ಇರಲಿ. 4ಕೆ ಟಿವಿಯ ಅಗಲವೇ ಅಷ್ಟು. ಹಳೆ ಫುಲ್ ಎಚ್‌ಡಿ ಟಿವಿಗೆ 1920 ಸಾಕು. ಸ್ಟುಡಿಯೋದವರು ಕೊಡುವ ದೊಡ್ಡ ಫೋಟೊಗಳು ಟಿವಿಯಲ್ಲಿ ತಿಣುಕುತ್ತಾ ತೆರೆಯುತ್ತವಲ್ಲ, ಆ ಕಾಟವೂ ತಪ್ಪುತ್ತದೆ. ಪ್ರೋಗ್ರೆಸಿವ್ ಅನ್ನುವ ಆಯ್ಕೆ ಕಂಡರೆ ಅದರ ಟಿಕ್ ತೆಗೆಯಿರಿ. ಹಾಗೆ ಉಳಿಸಿದ ಜೆಪೆಗ್ ಕೆಲವು ಟಿವಿಗಳಲ್ಲಿ ತೆರೆಯುವುದಿಲ್ಲ. ಒಂದು ಮಲಗಿದ ಫೋಟೊ ಮೇಲೆ ಪರೀಕ್ಷೆ ಮಾಡಿ, ಟಿವಿಯಲ್ಲಿ ನೋಡಿ, ಆಮೇಲೆ ಉಳಿದದ್ದು.

ಉದ್ದುದ್ದ ಫೋಟೊಗಳ ಎರಡೂ ಕಡೆ ಕಪ್ಪು ಪಟ್ಟಿ ಬಂದೇ ಬರುತ್ತದೆ. ಬರಲಿ ಬಿಡಿ. ಅದನ್ನು ತುಂಬಿಸಲು ಝೂಮ್ ಮಾಡಿದರೆ ತಲೆಗಳು ಹೋಗುತ್ತವೆ.

ಬಿಡುವುದನ್ನು ಬಿಡಿ

ಒಂದು ಸಲ ಕೂತರೆ ನೂರೈವತ್ತು ಫೋಟೊ. ಅದಕ್ಕಿಂತ ಜಾಸ್ತಿ ಬೇಡ. ಎಂಟು ಸೆಕೆಂಡಿಗೊಂದರಂತೆ ಇಪ್ಪತ್ತು ನಿಮಿಷ ಆಗುತ್ತದೆ. ಮೈಸೂರಿನ ಪ್ರತಿ ಮನೆಯಲ್ಲೂ ದೀಪ ಹತ್ತಿದ ಅರಮನೆಯ ಫೋಟೊ ನಲವತ್ತು ಇರುತ್ತದೆ, ನಲವತ್ತೂ ಒಂದೇ. ಸುಮಾರು ಒಂದು ಲಕ್ಷ ಬಲ್ಬು, ಅವನ್ನು ಒಂದು ಸಲ ತೋರಿಸಿದರೆ ಸಾಕು. ಜಂಬೂ ಸವಾರಿಯಲ್ಲಿ ಮುಂದಿನವರ ತಲೆಯೇ ಕಾಣುವ ಫೋಟೊಗಳಿಗೂ ಇದೇ ಮಾತು. ಆದರೆ ಮಸುಕಾಗಿದ್ದರೂ ಅಜ್ಜಿ ಇರುವ ಫೋಟೊ ತೆಗೆಯಬೇಡಿ. ಅಲ್ಲಿಗೆ ಬಂದಾಗ ಎಲ್ಲರೂ ಮಾತು ನಿಲ್ಲಿಸುತ್ತಾರೆ.

ಪೆನ್‌ಡ್ರೈವಿಗೆ, ಟಿವಿಗೆ

ಪೆನ್‌ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳಲ್ಲಿ ಎಷ್ಟೋ ಹಳೆ ಟಿವಿಗಳು ಫ್ಯಾಟ್32 ಅನ್ನುವುದನ್ನು ಮಾತ್ರ ಓದುತ್ತವೆ, ಹೊಸವು ಎಕ್ಸ್‌ಫ್ಯಾಟ್ ಅನ್ನುವುದನ್ನೂ ಓದುತ್ತವೆ. ಗೊಂದಲ ಬೇಡ, ಕಂಪ್ಯೂಟರಿನಲ್ಲಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ ಅನ್ನುವುದು ಸಿನಿಮಾ ಹಾಕುವವರ ಚಿಂತೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಗೊತ್ತಿರಲಿ. ನಕಲು ಮಾಡಿ, ಇಜೆಕ್ಟ್ ಕೊಟ್ಟು, ತೆಗೆಯಿರಿ.

ಟಿವಿಗೆ ಚುಚ್ಚಿ, ಸೋರ್ಸ್‌ನಲ್ಲಿ ಯುಎಸ್‌ಬಿ ಆರಿಸಿ, ಸ್ಲೈಡ್‌ಶೋ ಒತ್ತಿ.

ಟಿವಿಯ ಜತೆ ಬರುವ ಪಿಯಾನೊ ಸಂಗೀತ ನಿಲ್ಲಿಸಿ. ಫೋಟೊ ಹಾರಿ ಬರುವುದು, ಸುತ್ತಿ ಬರುವುದು ಎಲ್ಲ ತೆಗೆದುಹಾಕಿ. ಪಿಕ್ಚರ್ ಮೋಡ್ ವಿವಿಡ್ ಅಂತ ಇದ್ದರೆ ಮದುಮಗಳ ಮುಖ ಟೊಮೆಟೊ ಆಗಿರುತ್ತದೆ, ಸ್ಟ್ಯಾಂಡರ್ಡ್ ಅಥವಾ ಮೂವಿಗೆ ಬದಲಿಸಿ. ರಿಮೋಟ್ ಹಿರಿಯರ ಹತ್ತಿರ ಕೂತವರ ಕೈಯಲ್ಲಿರಲಿ. "ಇವರು ಯಾರು ಹೇಳು, ಪಾಂಡವಪುರದವರಲ್ವಾ?" ಅಂತ ಶುರುವಾದರೆ ಎಂಟು ಸೆಕೆಂಡು ಎಲ್ಲಿ ಸಾಕಾಗುತ್ತದೆ? ಪಾಸ್ ಒತ್ತಿಬಿಡಬೇಕು.

ಮುಗಿದ ಮೇಲೆ ಪೆನ್‌ಡ್ರೈವನ್ನು ಟಿವಿ ಹಿಂದೆಯೇ ಬಿಡಬೇಡಿ. ಬಿಟ್ಟರೆ ಒಂದು ದಿನ ಮನೆಯ ಹುಡುಗರು ಅದರಲ್ಲಿ ಹಾಡು ತುಂಬಿಸಿರುತ್ತಾರೆ. ನಾವು ಅದಕ್ಕೊಂದು ಚೀಟಿ ಅಂಟಿಸಿ, ಪಟ್ಟದ ಗೊಂಬೆಗಳನ್ನು ಸುತ್ತಿಡುವ ಹಳೆ ಸೀರೆಯ ತುಂಡಿನಲ್ಲೇ ಕಟ್ಟಿಡುತ್ತೇವೆ. ನವರಾತ್ರಿಗೆ ಗೊಂಬೆ ಕೂರಿಸಲು ಪೆಟ್ಟಿಗೆ ಇಳಿಸಿದಾಗ ಅದೂ ಕೈಗೆ ಸಿಗುತ್ತದೆ. ಆ ವರ್ಷದ ಹೊಸ ಫೋಟೊಗಳನ್ನು ಅವತ್ತೇ ಸೇರಿಸುತ್ತೇವೆ, ಗೊಂಬೆ ನೋಡಲು ಬಂದವರಿಗೆ ಚರ್ಪು ಕೊಡುವ ಹೊತ್ತಿಗೆ ಟಿವಿ ಓಡುತ್ತಿರುತ್ತದೆ.