ಭಾನುವಾರದ ಕಾಗದಪತ್ರದ ಮೇಜು: ಒಬ್ಬ ನಿವೇಶನ ಏಜೆಂಟನ ಅನುಭವ

ನಿವೇಶನ ಕೊಳ್ಳುವವರ ಕಾಗದಪತ್ರಗಳನ್ನು ಭಾನುವಾರ ಬೆಳಿಗ್ಗೆ ಹಣ ಪಡೆಯದೆ ಓದಿ ಹೇಳುತ್ತೇನೆಂದು ನಾನು 2018ರಲ್ಲಿ ಹೊರಟಾಗ ನಮ್ಮ ವೃತ್ತಿಯ ಹಿರಿಯರಲ್ಲಿ ಒಬ್ಬರೂ ಒಪ್ಪಲಿಲ್ಲ. ದೋಷ ಎತ್ತಿ ತೋರಿಸುವ ಏಜೆಂಟನಿಗೆ ಯಾವ ಮಾಲೀಕ ಆಸ್ತಿ ಒಪ್ಪಿಸುತ್ತಾನೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಆದರೆ ಕಳೆದ ವರ್ಷ ನಾನು ಮುಗಿಸಿದ ಸುಮಾರು 25 ನೋಂದಣಿಗಳಲ್ಲಿ 14 ಅಥವಾ 15 ಆ ಮೇಜಿನ ಪರಿಚಯದಿಂದಲೇ ಬಂದಿವೆ.

ಇದಕ್ಕೆಲ್ಲ ಮೂಲ ನನ್ನದೇ ತಪ್ಪು. ಬಾಡಿಗೆ ಮನೆ ತೋರಿಸುವುದರಿಂದ ವೃತ್ತಿ ಆರಂಭಿಸಿ ನಿವೇಶನಗಳಿಗೆ ಬಂದ ಹೊಸತರಲ್ಲಿ, 2013ರ ಸುಮಾರಿಗೆ, ಅಣ್ಣತಮ್ಮಂದಿರು ವಿಭಾಗ ಮಾಡಿಕೊಂಡಿದ್ದ ಪಿತ್ರಾರ್ಜಿತ ಆಸ್ತಿಯೊಂದನ್ನು ನಿವೃತ್ತ ಶಿಕ್ಷಕರೊಬ್ಬರಿಗೆ ಕೊಡಿಸಿದೆ. 13 ವರ್ಷದ ಇ.ಸಿ. (ಆಸ್ತಿಯ ಮೇಲಿನ ಸಾಲ, ವಹಿವಾಟುಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿದ್ದೆ, ಅದರಲ್ಲಿ ಯಾವ ಸಾಲವೂ ಇರಲಿಲ್ಲ. ವಂಶವೃಕ್ಷವನ್ನು ಮಾತ್ರ ಕೇಳಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂಬುದು ಗೊತ್ತಿದ್ದೂ, 2009ರ ವಿಭಾಗಪತ್ರದಲ್ಲಿ ತಂಗಿಯ ಸಹಿ ಇಲ್ಲದಿರುವುದು ನನ್ನ ಕಣ್ಣಿಗೆ ಬೀಳಲಿಲ್ಲ. ಆಕೆ ದಾವೆ ಹೂಡಿದರು. ಕಮಿಷನ್ ಸುಮಾರು 60 ಸಾವಿರ ಹಿಂದಿರುಗಿಸಿ, ವಕೀಲರ ಖರ್ಚಿಗೆಂದು ಮತ್ತೊಂದು ಲಕ್ಷದಷ್ಟು ಕೈಯಿಂದ ಕೊಟ್ಟೆ. ಆ ಮೇಷ್ಟ್ರು ನಾಲ್ಕು ವರ್ಷ ನ್ಯಾಯಾಲಯಕ್ಕೆ ಅಲೆದದ್ದಕ್ಕೆ ಅದು ಯಾವ ಪರಿಹಾರವೂ ಆಗಲಿಲ್ಲ.

ಸೇವೆ ಆರಂಭಿಸಿದ ಮೇಲೂ ಸೋಲುಗಳು ತಪ್ಪಲಿಲ್ಲ. ಸಭಾಂಗಣ ಬಾಡಿಗೆ ಹಿಡಿದು, ಕರಪತ್ರ ಹಂಚಿಸಿ ಮೂರು ಬಾರಿ ತಿಳಿವಳಿಕೆ ಸಭೆ ನಡೆಸಿದೆ. ಖರ್ಚು 18 ಸಾವಿರ ದಾಟಿತು, ಬಂದವರು ಮೂರೂ ಸಭೆ ಸೇರಿ 20 ಜನರಿರಬಹುದು. ನನ್ನ ಕಚೇರಿಯಲ್ಲೇ ಮೇಜು ಹಾಕಿದಾಗ, ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಫಲಕದಲ್ಲಿದ್ದರೂ, ಇದು ಗಿರಾಕಿ ಹಿಡಿಯುವ ಉಪಾಯವೆಂದು ಜನ ಒಳಗೆ ಬರಲಿಲ್ಲ. 100 ರೂಪಾಯಿ ಶುಲ್ಕವಿಟ್ಟು ನೋಡಿದೆ. ಹಣ ಕೊಟ್ಟವರು ‘ಕೊಳ್ಳಬಹುದೇ, ಬೇಡವೇ, ಬರೆದುಕೊಡಿ’ ಎಂದು ಹಟ ಹಿಡಿದರು. ವಾಟ್ಸ್ಆ್ಯಪ್‌ನಲ್ಲಿ ಕಾಗದ ಕಳುಹಿಸಲು ಹೇಳಿದ ಪ್ರಯೋಗವನ್ನಂತೂ ಒಂದೇ ತಿಂಗಳಿಗೆ ನಿಲ್ಲಿಸಿದೆ, ಏಕೆಂದರೆ ಯಾರೂ ಹಾಳೆಯ ಹಿಂಬದಿಯ ಚಿತ್ರ ತೆಗೆಯುತ್ತಿರಲಿಲ್ಲ, ಉಪನೋಂದಣಾಧಿಕಾರಿಯ ಷರಾ ಇರುವುದೋ ಅಲ್ಲಿಯೇ.

ಕೊನೆಗೆ ಶಾಲೆಯೊಂದರ ಕೊಠಡಿ ಕೇಳಿ ಪಡೆದು ಕೆಲವು ಕಟ್ಟುಪಾಡು ಹಾಕಿಕೊಂಡೆ. ಅಲ್ಲಿ ವಿಸಿಟಿಂಗ್ ಕಾರ್ಡ್ ಕೊಡುವುದಿಲ್ಲ. ಮೇಜಿಗೆ ಬಂದ ಆಸ್ತಿಗೆ ಅದೇ ಕೊಳ್ಳುವವರ ಪರವಾಗಿ ನಾನು ಮಧ್ಯಸ್ಥಿಕೆ ವಹಿಸುವುದಿಲ್ಲ. ತೀರ್ಪು ಹೇಳದೆ, ವಕೀಲರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡುತ್ತೇನೆ. ಇ.ಸಿ.ಯ ವಿಷಯದಲ್ಲೇ ಹೆಚ್ಚು ಪ್ರಶ್ನೆಗಳು ಏಳುತ್ತವೆ: ಆನ್‌ಲೈನಿನಲ್ಲಿ ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನದಷ್ಟೇ ಸಿಗುವುದರಿಂದ, ಅದಕ್ಕೆ ಹಿಂದಿನದನ್ನು ಕಚೇರಿಯಲ್ಲಿ ಅರ್ಜಿ ಹಾಕಿ ತರಿಸಬೇಕೆಂಬುದು ಬಹುಮಂದಿಗೆ ಹೊಳೆದಿರುವುದಿಲ್ಲ. ಇನ್ನೊಂದು ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಗಡಿಯ ವಿವರ. ಒಮ್ಮೆ ದಂಪತಿಗಳು ತಂದ ಕ್ರಯಪತ್ರದಲ್ಲಿ ಪೂರ್ವಕ್ಕೆ ‘ರಸ್ತೆ’ ಎಂದಿತ್ತು, ಅದಕ್ಕೂ ಹಿಂದಿನ ಮೂಲಪತ್ರದಲ್ಲಿ ಅದೇ ಪೂರ್ವಕ್ಕೆ ಪಕ್ಕದ ನಿವೇಶನದ ಸಂಖ್ಯೆ ಇತ್ತು. ಎರಡು ಸಾಲಿಗೂ ಕೆಂಪು ಪೆನ್ಸಿಲ್ ಗೆರೆ ಎಳೆದು ಅಕ್ಕಪಕ್ಕ ಇಟ್ಟೆ. ಆ ಗೃಹಿಣಿ ಬೆರಳಿಟ್ಟು ಎರಡು ಬಾರಿ ಓದಿ, ಮುಂಗಡದ ಚೆಕ್ಕನ್ನು ತಮ್ಮ ಚೀಲದಿಂದ ತೆಗೆದು ಪತಿಯ ಕೈಗೆ ಹಿಂದಿರುಗಿಸಿದರು.

ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾರುವವರ ಕಡೆಯಿಂದ. ಕಂಡ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಪಡಿಸಬಹುದಾದವು: ಖಾತೆ ಬದಲಾವಣೆ, ತಿದ್ದುಪಡಿ ಪತ್ರ, ಸಹೋದರಿಯಿಂದ ಹಕ್ಕು ಬಿಡುಗಡೆ ಪತ್ರ. ಕಾಗದ ತಂದವರ ಒಪ್ಪಿಗೆ ಪಡೆದು ನಾನೇ ಮಾಲೀಕರ ಮನೆಗೆ ಹೋಗಿ, ಏನು ಮಾಡಿಸಿದರೆ ಆಸ್ತಿ ಶುದ್ಧವಾಗುತ್ತದೆಂದು ತಿಳಿಸುತ್ತೇನೆ. ಆ ಮೊದಲ ಭೇಟಿಯಲ್ಲಿ ಮಾತನ್ನು ಎಲ್ಲಿಂದ ಆರಂಭಿಸುತ್ತೇನೆಂಬುದನ್ನು ಇಲ್ಲಿ ಬರೆಯಲಾರೆ. ಅದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿದಿದೆ. ಕೆಲವರು ಬಾಗಿಲಿನಿಂದಲೇ ಕಳುಹಿಸಿದ್ದಾರೆ. ಉಳಿದವರು ಕಾಗದ ಸರಿಮಾಡಿಸಿಕೊಂಡು, ಆರು ತಿಂಗಳೋ ವರ್ಷವೋ ಕಳೆದ ಮೇಲೆ, ಮಾರಿಕೊಡಿ ಎಂದು ನನ್ನ ಬಳಿಗೇ ಬಂದಿದ್ದಾರೆ.

ಈಗ ವಾರಕ್ಕೆ ಎಂಟು ಕಡತಗಳನ್ನಷ್ಟೇ ನೋಡುತ್ತೇನೆ, ಒಂಬತ್ತನೆಯದಕ್ಕೆ ಮುಂದಿನ ಭಾನುವಾರ. ಜೆರಾಕ್ಸ್, ಪೆನ್ಸಿಲ್, ಕೊಠಡಿ ಗುಡಿಸುವವರಿಗೆ ಕೊಡುವುದು ಎಲ್ಲ ಸೇರಿ ತಿಂಗಳಿಗೆ 1,200 ರೂಪಾಯಿಯಷ್ಟು ಖರ್ಚಾಗುತ್ತದೆ. ವಂಶವೃಕ್ಷ ತಂದಿರದವರ ಕಡತವನ್ನು ಮಾತ್ರ ನಾನು ತೆರೆಯುವುದೇ ಇಲ್ಲ.