ಅಂಧರ ಕ್ರೀಡಾಕೂಟಕ್ಕೆ ಸ್ವಯಂಸೇವಕರಾಗಿ ಹೋಗ್ತಿದ್ದೀರಾ?

ಮೊದಲ ಸಲ ಹೋದಾಗ ಮೆಟ್ಟಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗನ ಕೈ ಹಿಡಿದು ಎಳ್ಕೊಂಡು ಹೊರಟುಬಿಟ್ಟಿದ್ದೆ. ಅವನು ಅಲ್ಲೇ ನಿಂತ. "ಅಣ್ಣಾ, ಕೈ ಬಿಡಿ, ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ" ಅಂದ. ಅವತ್ತಿನಿಂದ ನಾನು ಹಾಗೇ ಮಾಡ್ತೀನಿ, ನೀವೂ ಮಾಡಿ.

ಮೊದಲು ನಿಮ್ಮ ಹೆಸರು ಹೇಳಿ. "ಜೊತೆಗೆ ಬರ್ಲಾ?" ಅಂತ ಕೇಳಿ. ಹೂಂ ಅಂದರೆ ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದಾಗ ಬರೀ "ಹುಷಾರು" ಅಂದರೆ ಸಾಲದು, ಹತ್ತೋದಾ ಇಳಿಯೋದಾ ಅಂತ ಹೇಳಬೇಕು. "ಅಲ್ಲಿದೆ ನೋಡಿ" ಅನ್ನೋ ಮಾತು ಬೇಡವೇ ಬೇಡ. "ನಿಮ್ಮ ಬಲಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ನಲ್ಲಿ ಸಿಗುತ್ತೆ" ಅನ್ನಿ. ಎದ್ದು ಹೋಗುವಾಗಲೂ ಹೇಳಿಯೇ ಹೋಗಿ, ಇಲ್ಲದಿದ್ದರೆ ಅವರು ಖಾಲಿ ಕುರ್ಚಿಯ ಜೊತೆ ಮಾತಾಡ್ತಾ ಕೂತಿರ್ತಾರೆ, ಅದು ನೋಡೋಕೆ ತುಂಬಾ ಸಂಕಟ ಆಗುತ್ತೆ.

ಟ್ರ್ಯಾಕ್ ಹತ್ತಿರ ಡ್ಯೂಟಿ ಬಿದ್ದರೆ ಒಂದಿಷ್ಟು ನಿಯಮ ಗೊತ್ತಿರಲಿ. ಟಿ11 ಅಂದರೆ ಹೆಚ್ಚುಕಮ್ಮಿ ಏನೂ ಕಾಣದವರ ವರ್ಗ. ಒಬ್ಬರಿಗೆ ಚೂರು ಬೆಳಕು ಗೊತ್ತಾಗಿ ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಸ್ಪರ್ಧೆ ಸಮ ಆಗಲ್ಲ, ಹಾಗಾಗಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡ್ತಾರೆ. ಪಕ್ಕದಲ್ಲಿ ಗೈಡ್ ರನ್ನರ್, ಅಂದರೆ ದಾರಿ ತೋರಿಸುತ್ತಾ ಜೊತೆಗೆ ಓಡೋ ಕಣ್ಣು ಕಾಣುವವರು, ಇಬ್ಬರ ಕೈಗೂ ಸೇರಿ ಒಂದು ಗೇಣುದ್ದದ ದಾರ. 100 ಮೀಟರ್‌ನಲ್ಲಿ ಒಂದು ಜೋಡಿಗೆ ಎರಡು ಲೇನ್ ಬಿಡ್ತಾರೆ. ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಓಟ ಮುಗಿಯೋ ಗೆರೆಯನ್ನು ಓಟಗಾರರಿಗಿಂತ ಮೊದಲು ದಾಟುವಂತಿಲ್ಲ. ಚಿಕ್ಕಮಗಳೂರಿನ ರಕ್ಷಿತಾ ರಾಜು 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಿದ್ದು ಹೀಗೆ ಗೈಡ್ ಜೊತೆ ಓಡಿಯೇ. ಕೈ ಬೀಸೋದು, ಹೆಜ್ಜೆ ಹಾಕೋದು ಎರಡೂ ಹೊಂದಬೇಕಾದರೆ ತುಂಬಾ ದಿನ ಒಟ್ಟಿಗೆ ಓಡಿರಬೇಕು. ಅದಕ್ಕೇ ಕೂಟದ ದಿನ ಬಂದು ಸುಮ್ನೆ ಹುಮ್ಮಸ್ಸಿಗೆ "ನಾನೂ ಗೈಡ್ ಆಗ್ತೀನಿ" ಅನ್ನಬೇಡಿ.

ನನ್ನ ಪ್ರಕಾರ ಅತಿ ದೊಡ್ಡ ಕೆಲಸ ಇರೋದು ಲಾಂಗ್ ಜಂಪ್ ಹತ್ತಿರ, ಅಲ್ಲಿ ಸದ್ದಾಗದಂತೆ ನೋಡ್ಕೊಳ್ಳೋದು. ಜಿಗಿಯೋ ಜಾಗದ ಹತ್ತಿರ ಕಾಲರ್, ಅಂದರೆ ಸದ್ದಿನಿಂದ ದಿಕ್ಕು ತಿಳಿಸುವವರು, ನಿಂತು ಚಪ್ಪಾಳೆ ತಟ್ಟುತ್ತಾ ಕೂಗ್ತಿರ್ತಾರೆ, ಅಥ್ಲೀಟ್ ಆ ದನಿ ಹಿಡ್ಕೊಂಡೇ ಪೂರ್ತಿ ವೇಗದಲ್ಲಿ ಓಡಿ ಬರ್ತಾರೆ. ಆ ಹೊತ್ತಿಗೆ ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರೆ, ಒಂದು ಫೋನ್ ಹೊಡ್ಕೊಂಡರೆ ದಾರಿ ತಪ್ಪುತ್ತೆ, ಪೆಟ್ಟಾಗಬಹುದು. ಶಾಲಾ ಮಕ್ಕಳ ಗುಂಪು ಬಂದರೆ ಮೊದಲೇ ಹೋಗಿ ಪ್ರೀತಿಯಿಂದ ಹೇಳಿ: ಮರಳಿಗೆ ಬಿದ್ದ ಮೇಲೆ ಎಷ್ಟು ಬೇಕಾದರೂ ಕೂಗಿ, ಅಲ್ಲೀವರೆಗೆ ಉಸಿರೂ ಮೆಲ್ಲಗೆ. ಮಕ್ಕಳು ಕೇಳ್ತಾರೆ. ದೊಡ್ಡವರಿಗೇ ಎರಡೆರಡು ಸಲ ಹೇಳಬೇಕು.

ಕ್ರಿಕೆಟ್ ಆದರೂ ಇದೇ ಮಾತು. ಚೆಂಡಿನ ಒಳಗೆ ಗಲಗಲ ಅನ್ನೋ ಲೋಹದ ಗುಂಡುಗಳಿರ್ತವೆ, ಬೌಲರ್ "ಪ್ಲೇ" ಅಂದ ಮೇಲೆ ಮೈದಾನದಲ್ಲಿ ಆ ಸದ್ದೊಂದೇ ಕೇಳಬೇಕು.

ಊಟ ಬಡಿಸುವಾಗ ತಟ್ಟೆಯನ್ನು ಗಡಿಯಾರ ಅಂದ್ಕೊಂಡು ಹೇಳಿ. ಹನ್ನೆರಡು ಗಂಟೆಗೆ ಪಲ್ಯ, ಮೂರಕ್ಕೆ ಉಪ್ಪಿನಕಾಯಿ, ಆರಕ್ಕೆ ಅನ್ನ.

ಓಟ ಮುಗಿಸಿ ಬಂದವರಿಗೆ ಮೊದಲು ನೀರು ಕೊಡಿ. ಆಮೇಲೆ "ಚೆನ್ನಾಗಿ ಓಡಿದ್ರಿ" ಅಂತ ಬೆನ್ನು ತಟ್ಟಿ ಸುಮ್ಮನಾಗಬೇಡಿ. ಎಷ್ಟನೇ ಸ್ಥಾನ, ಟೈಮ್ ಎಷ್ಟು, ಮುಂದಿದ್ದವರು ಎಷ್ಟು ದೂರದಲ್ಲಿದ್ದರು, ತಿರುವಿನಲ್ಲಿ ಏನಾಯ್ತು, ಎಲ್ಲಾ ಬಿಡಿಸಿ ಹೇಳಿ.