ಖಣದ ಬಟ್ಟೆ ಮೇಲೆ ಬಣ್ಣದ ಅಲೆ ಏಳದಂತೆ ವಿಡಿಯೋ ಮಾಡೋದು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಟ್ಟೆ ಅಂಗಡಿಗಳಿಗೆ ನಾನು ವಿಡಿಯೋ ಮಾಡಿಕೊಡುತ್ತೇನೆ. ಒಂದು ಸಲ ಗುಳೇದಗುಡ್ಡದ ಖಣ, ಅಂದರೆ ಕೈಮಗ್ಗದ ರವಿಕೆ ಬಟ್ಟೆ, ಹತ್ತಿರದಿಂದ ತೋರಿಸಿದ್ದೆ. ಅಂಗಡಿಯವರು ನೋಡಿ, "ಇದೇನ್ರಿ, ಬಟ್ಟಿ ಮ್ಯಾಲ ಹಾವು ಹರದಾಡಿದಂಗ ಕಾಣ್ತದಲ್ಲ?" ಅಂದರು. ಬೂದು ಬಣ್ಣದ ಖಣದ ಮೇಲೆ ಹಸಿರು, ಗುಲಾಬಿ ಪಟ್ಟೆ ಓಡಾಡುತ್ತಿದ್ದವು. ಬಣ್ಣ ನೋಡಿ ಕೊಳ್ಳುವವರಿಗೆ ಇದು ಮೋಸ ಮಾಡಿದಂತೆ, ಅಲ್ವಾ? ಎಲ್ಲವನ್ನೂ ಮತ್ತೆ ಶೂಟ್ ಮಾಡಿದೆ.

ಇದಕ್ಕೆ ಮೊಯ್ರೆ ಅನ್ನುತ್ತಾರೆ. ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಹಿಡಿದು ಸ್ವಲ್ಪ ತಿರುಗಿಸಿ. ಅಲೆ ಏಳುತ್ತವೆ. ಇಲ್ಲಿ ಒಂದು ಪರದೆ ಬಟ್ಟೆಯ ನೂಲು, ಇನ್ನೊಂದು ಕ್ಯಾಮೆರಾ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) ಪಿಕ್ಸೆಲ್‌ಗಳ, ಅಂದರೆ ಪುಟ್ಟ ಚುಕ್ಕಿಗಳ, ಸಾಲು. ಒಂದು ಎಳೆಗೆ ಎರಡು ಪಿಕ್ಸೆಲ್ ಕೂಡ ಸಿಗದಿದ್ದರೆ ಕ್ಯಾಮೆರಾಗೆ ಎಳೆ ಎಣಿಸೋಕೆ ಆಗಲ್ಲ. ಇಲ್ಲದ ಅಲೆ ಬರೆದುಬಿಡುತ್ತದೆ. ಸೆನ್ಸರ್‌ನಲ್ಲಿ ಕೆಂಪು, ಹಸಿರು, ನೀಲಿ ಪಿಕ್ಸೆಲ್ ಬೇರೆ ಬೇರೆ ಇರುವುದರಿಂದ ಬಣ್ಣದ ಪಟ್ಟೆ ಇನ್ನೂ ಬೇಗ ಕಾಣಿಸುತ್ತದೆ.

ಅದಕ್ಕೇ ನಾನು ಮೊದಲು ಸ್ಕೇಲ್ ಇಟ್ಟು ಎಳೆ ಎಣಿಸುತ್ತೇನೆ. ಸೆಂಟಿಮೀಟರಿಗೆ 25 ಎಳೆ ಬಂತು ಅಂದುಕೊಳ್ಳಿ. ಫ್ರೇಮ್‌ನಲ್ಲಿ 40 ಸೆಂ.ಮೀ. ಬಟ್ಟೆ ಇದ್ದರೆ 1000 ಎಳೆ. 1920 ಪಿಕ್ಸೆಲ್ ಅಗಲದ (1080 ಅನ್ನೋ) ವಿಡಿಯೋಗೆ ಅದು ಜಾಸ್ತಿ, ಎಳೆಗೆ ಎರಡು ಪಿಕ್ಸೆಲ್ ಕೂಡ ಸಿಗಲ್ಲ. 15 ಸೆಂ.ಮೀ. ಮಾತ್ರ ಕಾಣುವಷ್ಟು ಹತ್ತಿರ ಹೋದರೆ 375 ಎಳೆ, ತಲಾ 5 ಪಿಕ್ಸೆಲ್. ಅಲ್ಲಿ ಅಲೆ ಹೆಚ್ಚುಕಡಿಮೆ ಮಾಯ. ಮೊಬೈಲ್‌ನ ಡಿಜಿಟಲ್ ಝೂಮ್ ಬೇಡ, ಅದು ಸುಮ್ನೆ ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ. ಕಾಲಿನಿಂದ ಹತ್ತಿರ ಹೋಗಿ. 4ಕೆಯಲ್ಲಿ, ಅಂದರೆ ಅಗಲದಲ್ಲಿ ಇದರ ಎರಡರಷ್ಟು ಪಿಕ್ಸೆಲ್ ಇರುವ ವಿಡಿಯೋದಲ್ಲಿ, ತೆಗೆಯೋದು ಒಳ್ಳೆಯದು.

ಪೂರ್ತಿ ಸೀರೆಯೇ ಕಾಣಬೇಕು ಅಂದರೆ ದೂರ ಹೋಗಿ, ಎಳೆಗಳು ಕಲೆತು ಒಂದೇ ಬಣ್ಣವಾಗಲಿ. ನಡುವಿನ ದೂರವೇ ಅಪಾಯ. ಅಲ್ಲೇ ನಿಲ್ಲಬೇಕಾದರೆ ಕ್ಯಾಮೆರಾವನ್ನು ಬಟ್ಟೆಗೆ ಓರೆಯಾಗಿ ಹಿಡಿಯಿರಿ, ಇಲ್ಲ ಬಟ್ಟೆಯನ್ನೇ ಒಂದಿಷ್ಟು ತಿರುಗಿಸಿ. ನಾನು ಇಳಕಲ್ ಸೀರೆಯ ಸೆರಗನ್ನು ಚಾಪೆ ಹಾಸಿದಂತೆ ಹಾಸಲ್ಲ, ತೋಳಿನ ಮೇಲೆ ಇಳಿಬಿಡುತ್ತೇನೆ. ಮಡಿಕೆ ಬಿದ್ದಲ್ಲಿ ಎಳೆಗಳ ಸಾಲು ಒಡೆಯುತ್ತದೆ, ರೇಷ್ಮೆಯ ಹೊಳಪೂ ಚೆನ್ನಾಗಿ ಬರುತ್ತದೆ.

ಕ್ಯಾಮೆರಾದ ಶಾರ್ಪ್‌ನೆಸ್ ಕಡಿಮೆ ಮಾಡಿ. ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿಯನ್ನು ಎಫ್ 16ರಷ್ಟು ಚಿಕ್ಕದು ಮಾಡಿದರೆ ಚಿತ್ರ ಕೊಂಚ ಮೆತ್ತಗಾಗಿ ಅಲೆ ತಗ್ಗುತ್ತದೆ, ಆದರೆ ಬೆಳಕು ಜಾಸ್ತಿ ಬೇಕು. ನಮ್ಮ ಊರಲ್ಲಿ ಬಿಸಿಲಿಗೆ ಬರವಿಲ್ಲ. ಬಾಗಿಲ ಬಳಿ ಬಿಳಿ ಪಂಚೆ ಕಟ್ಟಿ ಬೆಳಕು ಸೋಸಿಕೊಳ್ಳುತ್ತೇನೆ. ಫೋಕಸ್ ಕೂದಲೆಳೆಯಷ್ಟು ಹಿಂದೆ ಸರಿಸಿದರೂ ಆಗುತ್ತದೆ, ಆದರೆ ನೇಯ್ಗೆ ತೋರಿಸಲೆಂದೇ ತೆಗೆಯುವ ವಿಡಿಯೋದಲ್ಲಿ ನನಗೆ ಅದು ಇಷ್ಟವಿಲ್ಲ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅಲೆ ಕಂಡರೆ ಗಾಬರಿ ಬೇಡ. ಪರದೆಗೆ ಚಿತ್ರ ಕುಗ್ಗಿಸುವಾಗಲೂ ಅಲೆ ಏಳಬಹುದು. ಝೂಮ್ ಮಾಡಿ ನೋಡಿ. ಹಾಗೇ, 4ಕೆಯಲ್ಲಿ ಚೆನ್ನಾಗಿದ್ದದ್ದು 1080ಕ್ಕೆ ಇಳಿಸಿದಾಗ ಕೆಡಬಹುದು. ಅದಕ್ಕೆ ಅಂಗಡಿ ಬಿಡುವ ಮೊದಲು ಒಂದು ತುಣುಕನ್ನು ಇಳಿಸಿ, ಅಂಗಡಿಯವರ ಮೊಬೈಲಿಗೆ ಕಳಿಸಿ, ಬಟ್ಟೆಯ ಪಕ್ಕದಲ್ಲೇ ಹಿಡಿದು ಬಣ್ಣ ತಾಳೆ ನೋಡುತ್ತೇನೆ. ಆಮೇಲೆ ಟ್ರೈಪಾಡ್ ಮಡಚುತ್ತೇನೆ.